ಮಾವ್ಶಿಯ ಸೊಂಟದ ಬೀಗದ ಕೈ

ನುಸಿಗುಳಿಗೆಯ ವಾಸನೆ ಬಂದರೆ ಉಳಿದವರಿಗೆ ಹಳೆಯ ಸೀರೆಗಳು ನೆನಪಾಗಬಹುದು. ನನಗೆ ನೆನಪಾಗುವುದು ಸಂಶಯ. ಮೊನ್ನೆ ಕ್ರಿಸ್ಮಸ್ಸಿಗೆಂದು ಮನೆಯ ಮೂಲೆ ಮೂಲೆ ಗುಡಿಸುವ ಗಡಿಬಿಡಿಯಲ್ಲಿ ಸೊಸೆ ನನ್ನ ಕೋಣೆಯ ಕಪಾಟು ತೆಗೆದಳು. ಅದೇ ಹೊತ್ತಿಗೆ ಒಳಗಿನ ಒಲೆಯ ಮೇಲೆ ಬೆಲ್ಲದ ಪಾಕ ಏಳುತ್ತಿತ್ತು, ಏಲಕ್ಕಿ ಜಜ್ಜಿ ಹಾಕಿದ್ದರು. ಪಾಕದ ಸಿಹಿ, ಏಲಕ್ಕಿಯ ಘಾಟು, ನುಸಿಗುಳಿಗೆಯ ತಣ್ಣನೆಯ ವಾಸನೆ ಮೂರೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಎಪ್ಪತ್ತು ದಾಟಿದ ನಾನು ಹತ್ತು ವರ್ಷದ ಸಿಸ್ಸಿಯಾಗಿ, ಕಾರ್ಕಳದ ಹತ್ತಿರದ ಒಂದು ಮನೆಯ ಪ್ರಾರ್ಥನೆ ಕೋಣೆಯಲ್ಲಿ, ತೆರೆದ ಪೆಟ್ಟಿಗೆಯೊಂದರ ಮುಂದೆ ಮೊಣಕಾಲೂರಿ ಕೂತಿದ್ದೆ. ಪ್ರಾರ್ಥನೆಗಾಗಿ ಊರಿದ ಮೊಣಕಾಲಲ್ಲ ಅದು. ನಾನು ಕದ್ದು ನೋಡುತ್ತಿದ್ದೆ. ಇದನ್ನು ಪಾಪನಿವೇದನೆಯಲ್ಲಿ ಎಷ್ಟೋ ಸಲ ಹೇಳಬೇಕೆಂದುಕೊಂಡು, ಪ್ರತಿ ಸಲವೂ ಪಾದ್ರಿಗಳ ಮೇಲೆಯೇ ಸಂಶಯ ಬಂದು, ಹೇಳದೆ ಎದ್ದು ಬಂದಿದ್ದೇನೆ.

ಐವತ್ತರ ದಶಕದಲ್ಲಿ ನಮ್ಮ ಮನೆ ಇದ್ದದ್ದು ಕಾಪುವಿನ ಒಳಗಡೆ, ಇನ್ನಂಜೆಯಲ್ಲಿ. ಅಪ್ಪ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಬರೆಯುವ ಏಜೆಂಟರು. ಊರಿನವರೆಲ್ಲ ರಜೆಗೆ ಹೊರಡುವ ದಿನವೇ ಅವರಿಗೆ ರಜೆ ಇಲ್ಲದ ದಿನ. ಹಾಗಾಗಿ ಪ್ರತಿ ಕ್ರಿಸ್ಮಸ್ಸಿಗೆ ಅಮ್ಮ, ನಾನು, ನನ್ನ ತಮ್ಮ ಆಲ್ಬು, ನಾವು ಮೂವರೇ ಅಮ್ಮನ ತವರಿಗೆ ಹೋಗುತ್ತಿದ್ದೆವು. ಹೊರಡುವ ಹಿಂದಿನ ದಿನದಿಂದಲೇ ಅಮ್ಮನ ಮುಖ ಗಂಟು ಹಾಕಿಕೊಳ್ಳುತ್ತಿತ್ತು. ಚೀಲದಲ್ಲಿ ಬಟ್ಟೆಗಿಂತ ಮೊದಲು ಹೋಗುತ್ತಿದ್ದದ್ದು ನಮ್ಮ ಮನೆಯ ತೆಂಗಿನೆಣ್ಣೆಯ ಕುಪ್ಪಿ. ಆ ಮನೆಯ ಎಣ್ಣೆ ನಮ್ಮ ತಲೆಗೆ ತಾಗಬಾರದು. ಅದರ ಹಿಂದೆ ಒಂದು ಕಾಗದದ ಪೊಟ್ಟಣದಲ್ಲಿ ಒಣಮೆಣಸು ಮತ್ತು ಕಲ್ಲುಪ್ಪು, ದೃಷ್ಟಿ ತೆಗೆಯಲಿಕ್ಕೆ. ಆ ಮನೆಯ ಉಪ್ಪಿನಿಂದ ಆ ಮನೆಯವರ ದೃಷ್ಟಿ ಹೋಗುತ್ತದೆ ಎಂಬ ನಂಬಿಕೆ ಅಮ್ಮನಿಗಿರಲಿಲ್ಲ. ಇಷ್ಟು ಹೆದರಿಕೆ ಇದ್ದವಳು ಹೋಗುವುದಾದರೂ ಯಾಕೆ ಎಂದು ಒಮ್ಮೆ ಅಪ್ಪ ಕೇಳಿದ್ದರು. ಕ್ರಿಸ್ಮಸ್ಸಿಗೆ ಮಕ್ಕಳೆಲ್ಲ ಒಂದೇ ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಮುಂದೆ ಕೂರಬೇಕು ಎಂದು ಅಜ್ಜಿ ಹೇಳಿದ್ದಳಂತೆ. ಅಮ್ಮ ಹೋಗುತ್ತಿದ್ದದ್ದು ಸತ್ತ ತಾಯಿಯ ಆ ಮಾತಿಗಾಗಿ, ಬದುಕಿದ್ದ ಅಕ್ಕನ ಮುಖ ನೋಡಲಿಕ್ಕಲ್ಲ.

ಗದ್ದೆಯ ಹುಣಿಯ ಮೇಲೆ ನಡೆದು ಕಾಪುವಿನ ರಸ್ತೆಗೆ ಬರುವಾಗ ಬೆಳಗಿನ ಮಂಜಿಗೆ ಲಂಗದ ಅಂಚು ಒದ್ದೆಯಾಗಿರುತ್ತಿತ್ತು. ಉಡುಪಿಯಲ್ಲಿ ಅಪ್ಪ ನಮ್ಮನ್ನು ಕಾರ್ಕಳದ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ಡ್ರೈವರನಿಗೆ ಎರಡು ಮಾತು ಹೇಳಿ, ಕಿಟಕಿಯಿಂದ ಆಲ್ಬುವಿನ ಕೆನ್ನೆ ಹಿಂಡಿ ಹೋಗುತ್ತಿದ್ದರು. ಬಸ್ಸು ಮಣಿಪಾಲದ ಏರು ಹತ್ತುವಾಗ ಏದುಸಿರು ಬಿಟ್ಟು, ಅರ್ಧದಲ್ಲಿ ನಿಂತು, ನೀರು ಕುಡಿದು ಮುಂದೆ ಹೋಗುತ್ತಿತ್ತು. ಆಗ ಅದೊಂದು ಬೋಳುಗುಡ್ಡ. ಅಲ್ಲಿ ಇಲ್ಲಿ ಹೊಸ ಕಟ್ಟಡಗಳ ಕೆಂಪು ಕಲ್ಲಿನ ಗೋಡೆಗಳು ಏಳುತ್ತಿದ್ದವು. ಅಮ್ಮ ಅದೊಂದನ್ನೂ ನೋಡುತ್ತಿರಲಿಲ್ಲ. ಹಿರಿಯಡ್ಕ ದಾಟಿದ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, ಪ್ರತಿ ವರ್ಷದ ಪಾಠವನ್ನು ಒಪ್ಪಿಸುತ್ತಿದ್ದಳು. ಮಾವ್ಶಿ, ಅಂದರೆ ಅಮ್ಮನ ಆ ಅಕ್ಕ, ಕೊಟ್ಟದ್ದನ್ನು ಅವಳು ಬಾಯಿಗೆ ಹಾಕಿಕೊಳ್ಳುವ ಮೊದಲು ನಾವು ಹಾಕಬಾರದು. ಅವಳು ಯಾರ ಹತ್ತಿರ ಎಂತ ಮಾತಾಡುತ್ತಾಳೆ ಎಂದು ಕೇಳಿಸಿಕೊಳ್ಳಬೇಕು. ಮುಖ್ಯವಾಗಿ, ಪ್ರಾರ್ಥನೆ ಕೋಣೆಯ ಪೆಟ್ಟಿಗೆಯನ್ನು ಅವಳು ತೆಗೆಯುವುದನ್ನು ಕಂಡರೆ ಓಡಿ ಬಂದು ಹೇಳಬೇಕು. ಹೀಗೆ ಬೇರೆ ಮಕ್ಕಳು ರಜೆಯಲ್ಲಿ ಆಡಲಿಕ್ಕೆ ಹೋದರೆ ನಾನು ಗೂಢಚಾರಿಣಿಯಾಗಿ ಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಇಷ್ಟವಾಗಿತ್ತು.

ಸೆವ್ರಿನ್ ಮಾವ್ಶಿ ಅಮ್ಮನಿಗಿಂತ ಎಂಟು ವರ್ಷ ದೊಡ್ಡವರು. ಚಿಕ್ಕಂದಿನಲ್ಲೇ ಸಿಡುಬು ಬಂದು ಅವರ ಮುಖದ ತುಂಬ ಕುಳಿಗಳು ಉಳಿದಿದ್ದವು. ಮದುವೆ ಆಗಲಿಲ್ಲ. ಆ ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡು ಇದ್ದವರು, ಅಜ್ಜಿ ಹೋದ ಮೇಲೆ ಒಬ್ಬರೇ ಗದ್ದೆ, ಹಟ್ಟಿ, ಅಲ್ತಾರು ನೋಡಿಕೊಂಡು ಉಳಿದರು. ಎತ್ತರದ ಆಳು, ಮಾತು ಕಡಿಮೆ. ನಗು ಬಂದರೆ ಸೆರಗಿನಿಂದ ಮುಖದ ಕುಳಿಗಳನ್ನು ಮುಚ್ಚಿಕೊಳ್ಳುತ್ತಿದ್ದರು. ನನಗೆ ಅದೂ ಏನನ್ನೋ ಅಡಗಿಸಿದಂತೆ ಕಾಣುತ್ತಿತ್ತು. ಸೊಂಟದಲ್ಲಿ ಕಪ್ಪು ನೂಲಿಗೆ ಕಟ್ಟಿದ ಒಂದು ಬೀಗದ ಕೈ ಇತ್ತು. ಸ್ನಾನಕ್ಕೆ ಹೋಗುವಾಗಲೂ ಅದು ಸೊಂಟದಲ್ಲೇ ಇರುತ್ತಿತ್ತೆಂಬುದನ್ನು ನಾನು ಬಚ್ಚಲಿನ ಬಾಗಿಲ ಸಂದಿಯಿಂದ ಖಾತ್ರಿ ಮಾಡಿಕೊಂಡು ಅಮ್ಮನಿಗೆ ವರದಿ ಒಪ್ಪಿಸಿದ್ದೆ. ಅದು ಅಲ್ತಾರಿನ ಕೆಳಗಿದ್ದ ಪೆಟ್ಟಿಗೆಯದು. ಪೆಟ್ಟಿಗೆಯಲ್ಲಿ ಅಜ್ಜಿಯ ಸಾಡೊ ಇತ್ತು. ಸಾಡೊ ಎಂದರೆ ನಮ್ಮವರಲ್ಲಿ ಮದುಮಗಳು ಉಡುವ ಕೆಂಪು ರೇಷ್ಮೆಯ ಸೀರೆ. ಮದುವೆಯ ದಿನ ಉಟ್ಟದ್ದನ್ನು ಮಡಚಿಟ್ಟು, ಮುಂದೆ ದೊಡ್ಡ ಹಬ್ಬಗಳಿಗೆ ಮಾತ್ರ ತೆಗೆಯುವುದು, ಕೊನೆಗೆ ಮಗಳಿಗೋ ಮೊಮ್ಮಗಳಿಗೋ ಕೊಡುವುದು. ಅಮ್ಮ ಮದುವೆಯಾದದ್ದು ಅದನ್ನೇ ಉಟ್ಟು. ಮಾರನೆಯ ದಿನ ಅದು ಮತ್ತೆ ಅಜ್ಜಿಯ ಪೆಟ್ಟಿಗೆಗೆ ಹೋಗಿತ್ತು. ಮದುವೆಯಾಗದ ಅಕ್ಕನಿಗೆ ಅದು ಎಂತಕ್ಕೆ, ನನ್ನ ಮಗಳಿಗೆ ಬರಬೇಕಾದದ್ದು ಎಂದು ಅಮ್ಮ ಅಪ್ಪನ ಹತ್ತಿರ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ.

ಆದರೆ ಅಮ್ಮನ ನಿಜವಾದ ಹುಣ್ಣು ಸಾಡೊ ಅಲ್ಲ. ಆಲ್ಬು ಹುಟ್ಟುವುದಕ್ಕೆ ತಿಂಗಳೊಂದು ಇರುವಾಗ ಜ್ವರ ಬಂದು ಅಜ್ಜಿ ತೀರಿಕೊಂಡಳು. ಸುದ್ದಿ ನಮ್ಮ ಮನೆಗೆ ಬಂದದ್ದು ಮಣ್ಣಾಗಿ ನಾಲ್ಕು ದಿನ ಕಳೆದ ಮೇಲೆ. ಹೆತ್ತ ತಾಯಿಯ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಲಿಕ್ಕೂ ಅಕ್ಕ ಬಿಡಲಿಲ್ಲ ಎಂದು ಅಮ್ಮ ಗೋಡೆಗೆ ತಲೆ ಚಚ್ಚಿಕೊಂಡದ್ದು ನನಗೆ ಮಸುಕಾಗಿ ನೆನಪಿದೆ. ಬಾಣಂತನದ ನಲವತ್ತು ದಿನ ಮುಗಿದದ್ದೇ, ಕೂಸನ್ನು ಎತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿ, ಆ ಮನೆಯ ಅಂಗಳದಲ್ಲಿ ನಿಂತು, ಮಾಂಯ್‌ಯನ್ನು ನನ್ನಿಂದ ಕದ್ದವಳು ನೀನು ಎಂದಳಂತೆ. ಮಾಂಯ್ ಎಂದರೆ ನಮ್ಮಲ್ಲಿ ತಾಯಿ. ಮಾವ್ಶಿ ಒಂದು ಮಾತನ್ನೂ ಆಡಲಿಲ್ಲವಂತೆ. ಆಡದೆ ಇದ್ದದ್ದೇ ತಪ್ಪಿತಸ್ಥಳೆಂಬುದಕ್ಕೆ ಸಾಕ್ಷಿ ಎಂದು ಅಮ್ಮ ತೀರ್ಮಾನಿಸಿದಳು. ಆಮೇಲೆ ಆರು ವರ್ಷ ಆ ಇಬ್ಬರು ನೇರವಾಗಿ ಮಾತಾಡಲಿಲ್ಲ. ಒಂದೇ ಅಡುಗೆಮನೆಯಲ್ಲಿ ಕೂತು ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು. ನಿನ್ನ ಮಾವ್ಶಿಗೆ ಹೇಳು ಸಾರಿಗೆ ಉಪ್ಪು ಕಮ್ಮಿ ಉಂಟು ಎಂದು ಅಮ್ಮ, ನಿನ್ನ ಅಮ್ಮನಿಗೆ ಹೇಳು ಉಪ್ಪಿನ ಮರಿಗೆ ಅವಳ ಕೈಯ ಹತ್ತಿರವೇ ಉಂಟು ಎಂದು ಮಾವ್ಶಿ.

ಅಲ್ಲಿ ಸಂಜೆಯಾದರೆ ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅಲ್ತಾರಿನ ಮುಂದೆ ಎಣ್ಣೆಯ ದೀಪ, ನಡುವೆ ನೀಲಿ ಸೆರಗಿನ ಮಾತೆಯ ಮರದ ಪ್ರತಿಮೆ, ಪಕ್ಕದಲ್ಲಿ ಆಲ್ಬು ಪಾಚಿ, ಹುಲ್ಲು ತಂದು ಕಟ್ಟುತ್ತಿದ್ದ ಗೋದಲಿ. ತೆರ್ಸ್ ಮುಗಿದ ಮೇಲೆ ಚಿಕ್ಕವರು ಎದ್ದು ದೊಡ್ಡವರೊಬ್ಬೊಬ್ಬರ ಮುಂದೆ ಕೈ ಜೋಡಿಸಿ "ಬೆಸಾಂವ್ ದಿ" ಎಂದು ಆಶೀರ್ವಾದ ಕೇಳಬೇಕು, ಅವರು ಕೈ ಎತ್ತಿ "ದೇವ್ ಬರೆಂ ಕರುಂ" ಎನ್ನಬೇಕು. ದೇವರು ಒಳ್ಳೆಯದು ಮಾಡಲಿ ಎಂದರ್ಥ. ಇದಕ್ಕೆ ವಯಸ್ಸಿನ ಮಿತಿ ಇಲ್ಲ. ನರೆತ ತಲೆಯವರೂ ತಮಗಿಂತ ಹಿರಿಯರ ಮುಂದೆ ಹೋಗಿ ನಿಲ್ಲುತ್ತಿದ್ದರು. ನಾನೂ ಆಲ್ಬುವೂ ಮಾವ್ಶಿಯ ಮುಂದೆ ನಿಲ್ಲುತ್ತಿದ್ದೆವು. ಅಮ್ಮನ ಸರದಿ ಬರುವಷ್ಟರಲ್ಲಿ ಅಮ್ಮನಿಗೆ ದೀಪದ ಬತ್ತಿ ಸರಿ ಮಾಡುವ ಕೆಲಸ ನೆನಪಾಗುತ್ತಿತ್ತು. ಮಾವ್ಶಿಯ ಬಲಗೈ ಮಡಿಲಿನಿಂದ ಸ್ವಲ್ಪ ಎದ್ದು, ಗಾಳಿಯಲ್ಲಿ ನಿಂತು, ಮತ್ತೆ ಮಡಿಲಿಗೆ ಇಳಿಯುವುದನ್ನು ನಾನು ಪ್ರತಿ ಸಂಜೆ ನೋಡುತ್ತಿದ್ದೆ. ಅದನ್ನು ಮಾತ್ರ ಯಾಕೋ ಅಮ್ಮನಿಗೆ ವರದಿ ಮಾಡಿರಲಿಲ್ಲ. ತೆರ್ಸ್ ಆದ ಮೇಲೆ ಅಮ್ಮ ನಮ್ಮನ್ನು ಹಿತ್ತಿಲಿಗೆ ಕರೆದು ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮಾವ್ಶಿ ನಮ್ಮನ್ನು ಮುಂದಿನ ಜಗಲಿಗೆ ಕರೆದು, ಬಸ್ಸಿನಲ್ಲಿ ಎಷ್ಟು ಜನರ ಕಣ್ಣು ಬಿದ್ದಿತ್ತೋ ಎಂದು ತಮ್ಮ ಉಪ್ಪು ಮೆಣಸು ನಿವಾಳಿಸುತ್ತಿದ್ದರು. ಎರಡೆರಡು ಸಲ ದೃಷ್ಟಿ ತೆಗೆಸಿಕೊಂಡ ಮಕ್ಕಳು ಆ ಸೀಮೆಯಲ್ಲಿ ನಾವಿಬ್ಬರೇ ಇರಬೇಕು.

ನನಗೆ ಹತ್ತು ತುಂಬಿದ ವರ್ಷದ ಕ್ರಿಸ್ಮಸ್ಸಿಗೆ ಎರಡು ದಿನ ಉಳಿದಿತ್ತು. ಕುಸ್ವಾರಿನ, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳ, ಕೆಲಸ ಮುಗಿದಿತ್ತು. ನೆವ್ರಿ, ಕಿಡಿಯೊ, ಎಳ್ಳಿನ ಉಂಡೆಗಳು ಡಬ್ಬಿ ಸೇರಿದ್ದವು. ಮಾವ್ಶಿ ಪಾಪನಿವೇದನೆಗೆಂದು ಇಗರ್ಜಿಗೆ ಹೊರಟರು, ಎಂದೂ ಇಲ್ಲದ ಹಾಗೆ ಆಲ್ಬುವನ್ನೂ ಕೈ ಹಿಡಿದು ಕರೆದುಕೊಂಡರು. ಅಮ್ಮ ಬಟ್ಟೆ ಒಗೆಯಲು ತೋಡಿಗೆ ಹೋಗಿದ್ದಳು. ಮೆಟ್ಟಿಲಿಳಿದ ಮಾವ್ಶಿ ಮತ್ತೆ ತಿರುಗಿ ನನಗೊಂದು ಕೆಲಸ ಹೇಳಿದರು.

"ಅಲ್ತಾರಿನ ಧೂಳು ಒರೆಸಿ ಇಡು ಸಿಸ್ಸಿ. ಮಾತೆಯ ಪ್ರತಿಮೆ ಉಂಟಲ್ಲ, ಅದನ್ನು ಎತ್ತಿ ಅಡಿಯಲ್ಲೂ ಒರೆಸಬೇಕು."

ಒರೆಸಿದೆ. ಪ್ರತಿಮೆ ಎತ್ತಿದೆ. ಅಡಿಯಲ್ಲಿ ಬೀಗದ ಕೈ ಇತ್ತು. ಕಪ್ಪು ನೂಲಿಲ್ಲ, ಬರೀ ಕೈ. ಮುದುಕಿಗೆ ಮರೆವು ಎಂದುಕೊಂಡೆ. ಈಗ ಲೆಕ್ಕ ಹಾಕಿದರೆ ಅವರಿಗಾಗ ನಲವತ್ತರ ಮೇಲೆ ಒಂದೆರಡು ವರ್ಷ. ಬಾಗಿಲಿಗೆ ಅಗುಳಿ ಹಾಕಿ, ಪೆಟ್ಟಿಗೆ ಎಳೆದು, ಬೀಗ ತಿರುಗಿಸಿ ಮುಚ್ಚಳ ಎತ್ತಿದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಬಂತು. ಒಳಗೆ ಏನೂ ಇರಲಿಲ್ಲ. ತಳಕ್ಕೆ ಹಾಸಿದ ಹಳದಿ ಬಣ್ಣಕ್ಕೆ ತಿರುಗಿದ ಕಾಗದ, ಕರಗಿ ಕಡಲೆಕಾಳಿನಷ್ಟಾದ ಐದಾರು ಗುಳಿಗೆ, ಅಷ್ಟೆ. ಕೆಂಪು ರೇಷ್ಮೆಯ ಒಂದು ಎಳೆಯೂ ಇಲ್ಲ. ಆಗ ನನಗೆ ಆದದ್ದು ದುಃಖವಲ್ಲ, ಖುಷಿ. ಸಿಕ್ಕಿಬಿದ್ದಳು ಎಂಬ ಖುಷಿ. ಇಷ್ಟು ವರ್ಷ ಕಾದದ್ದಕ್ಕೆ ಕೊನೆಗೂ ಒಂದು ಕಳ್ಳತನ ಸಿಕ್ಕಿತಲ್ಲ ಎಂದು ಕುಣಿಯುತ್ತ ತೋಡಿಗೆ ಓಡಿದೆ. ಆ ಓಟದ ನೆನಪಾದಾಗ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಬೀಗದ ಕೈ ಎಲ್ಲಿ ಸಿಕ್ಕಿತು ಎಂದು ಅಮ್ಮ ಕೇಳಿದಾಗ, ಅಲ್ತಾರಿನ ಪ್ರತಿಮೆ ಎತ್ತಿ ತೆಗೆದೆ ಎಂದರೆ ದೇವರ ಜಾಗದಿಂದ ಕದ್ದೆ ಎಂದಾಗುತ್ತದೆಂದು ಹೆದರಿ, ನೆಲದ ಮೇಲೆ ಬಿದ್ದಿತ್ತು ಎಂದೆ. ಅಮ್ಮ ಕಲ್ಲಿಗೆ ಬಡಿಯುತ್ತಿದ್ದ ಬಟ್ಟೆಯನ್ನು ಹಾಗೇ ಕೈಬಿಟ್ಟಳು. ಅದು ನೀರಿನಲ್ಲಿ ತೇಲಿಹೋಗುತ್ತಿದ್ದದ್ದನ್ನು ನಾನೇ ಓಡಿ ಹಿಡಿದು ತಂದೆ.

ಅಂದು ಸಂಜೆಯ ತೆರ್ಸ್ ಸಂತೋಷದ ರಹಸ್ಯಗಳದ್ದು, ಅಂದರೆ ಯೇಸುವಿನ ಹುಟ್ಟಿನ ಸುತ್ತಲಿನ ಐದು ಘಟನೆಗಳನ್ನು ಒಂದೊಂದಾಗಿ ನೆನೆಯುವುದು. ಎರಡನೆಯದನ್ನು ಹೇಳುವ ಸರದಿ ಅಮ್ಮನದು. ಮರಿಯಮ್ಮ ಹೊಟ್ಟೆಯಲ್ಲಿ ಕೂಸನ್ನು ಹೊತ್ತುಕೊಂಡು, ಬೆಟ್ಟದ ಸೀಮೆಯಲ್ಲಿದ್ದ ತನ್ನ ನೆಂಟಳು ಎಲಿಜಬೆತ್ತಳನ್ನು ನೋಡಲು ಹೋದದ್ದು. ಅಮ್ಮ ಅದನ್ನು ಅರ್ಧಕ್ಕೇ ನಿಲ್ಲಿಸಿದಳು. ಮಾವ್ಶಿ ಅದನ್ನು ಎತ್ತಿಕೊಂಡು ಮುಗಿಸಿದರು. ನಾವು ಮಕ್ಕಳು ಬೆಸಾಂವ್ ಕೇಳಿದ್ದಾಯಿತು. ಆಗ ಅಮ್ಮ ಬತ್ತಿ ಸರಿ ಮಾಡಲು ಏಳಲಿಲ್ಲ. ಪೆಟ್ಟಿಗೆಯನ್ನು ದರದರನೆ ದೀಪದ ಬೆಳಕಿಗೆ ಎಳೆದು ಮುಚ್ಚಳ ತೆರೆದಳು.

"ಮಾಂಯ್‌ಯ ಸಾಡೊ ಎಲ್ಲಿ?"

ಆರು ವರ್ಷಗಳಲ್ಲಿ ಅಮ್ಮ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಮಾವ್ಶಿ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಗೋದಲಿಯ ಕುರಿಗಳನ್ನು ನೋಡುತ್ತ ನಿಂತೆ.

"ಸುಟ್ಟೆ," ಎಂದರು.

ಅಷ್ಟು ಹೇಳಿ ಅವರು ಅಲ್ಲೇ ನಿಂತರು. ಬಹಳ ಹೊತ್ತು ನಿಂತರು. ಅವರು ಕಾಯುತ್ತಿದ್ದದ್ದು ಮುಂದಿನ ಒಂದೇ ಒಂದು ಪ್ರಶ್ನೆಗೆ ಎಂದು ಈಗ ಅನಿಸುತ್ತದೆ. ಯಾಕೆ ಎಂದು ಕೇಳಿದ್ದರೆ ಸಾಕಿತ್ತು. ಅಮ್ಮ ಕೇಳಲಿಲ್ಲ. ಹೊಟ್ಟೆಕಿಚ್ಚಿಗೆ ಸುಟ್ಟದ್ದು, ತನಗೆ ಉಡಲು ಸಿಗದ್ದು ತಂಗಿಯ ಮಗಳಿಗೂ ಸಿಗಬಾರದೆಂದು ಸುಟ್ಟದ್ದು ಎಂಬುದು ಅಮ್ಮನ ಮುಖದಲ್ಲಿ ಆಗಲೇ ಬರೆದಿತ್ತು. ನನ್ನ ಕಡೆ ತಿರುಗಿ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವುದು, ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನಿನ್ನ ಮಾವ್ಶಿಗೆ ಹೇಳು ಎಂದಳು. ನಾನು ಹೇಳಬೇಕಾಗಿ ಬರಲಿಲ್ಲ. ಮಾವ್ಶಿ ದೀಪ ಎತ್ತಿಕೊಂಡು ಒಳಗೆ ಹೋಗಿದ್ದರು.

ಬೆಳಿಗ್ಗೆ ಅಮ್ಮ ಕಾಫಿಯನ್ನೂ ಮುಟ್ಟಲಿಲ್ಲ. ಹೊರಡುವಾಗ ಮಾವ್ಶಿ ಕುಸ್ವಾರಿನ ಡಬ್ಬಿಯನ್ನು ಆಲ್ಬುವಿನ ಕೈಗೆ ಕೊಟ್ಟರು. ಅದನ್ನು ಅವನ ಕೈಯಿಂದ ಬಿಡಿಸಿ ಜಗಲಿಯಲ್ಲಿ ಇಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು. ಆಲ್ಬು ರಸ್ತೆಯವರೆಗೂ ಅತ್ತ. ಮೋರಿಯ ಕಟ್ಟೆಯ ಮೇಲೆ ಚೀಲ ಇಟ್ಟು ನಾವು ಬಸ್ಸಿಗೆ ಕಾದೆವು. ಹಬ್ಬದ ಮುನ್ನಾದಿನ, ಎಲ್ಲರೂ ಮನೆಗೆ ಬರುವ ಹೊತ್ತಿಗೆ ನಾವು ಮನೆ ಬಿಟ್ಟು ಹೊರಟವರು. ಆಗ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ನೆರೆಮನೆಯ ಗಿರಿಜಕ್ಕ ಬಂದರು. ಅಜ್ಜಿಯ ಕಾಲದಿಂದ ಆ ಮನೆಗೆ ಹೋಗಿ ಬರುತ್ತಿದ್ದ ಮುದುಕಿ, ಅವರ ಮುಖದ ಮೇಲೂ ಮಾವ್ಶಿಯ ಹಾಗೆ ಹಳೆಯ ಸಿಡುಬಿನ ಕುಳಿಗಳು. ನಾಳೆ ಹಬ್ಬ ಇಟ್ಟುಕೊಂಡು ಎಲ್ಲಿಗೆ ಎಂದು ತುಳುವಿನಲ್ಲಿ ಕೇಳಿದರು. ಮನೆಯ ಮಾತನ್ನು ಹೊರಗಿನವರ ಮುಂದೆ ಎಂದೂ ಆಡದ ಅಮ್ಮ ಅಂದು ತಡೆಯಲಾರದೆ ಎಲ್ಲವನ್ನೂ ಆಡಿಬಿಟ್ಟಳು. ಸಾಡೊ ಸುಟ್ಟ ಮಾತು ಬಂದಾಗ ಗಿರಿಜಕ್ಕ ಹೊರೆಯನ್ನು ಕೆಳಗಿಳಿಸಿದರು.

"ಸುಡದೆ ಮತ್ತೆಂತ ಮಾಡುವುದು ರೆಜಿನಮ್ಮ? ಬೇನೆಯವರು ಹೊದ್ದದ್ದನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ?"

ಯಾವ ಬೇನೆ ಎಂದು ಅಮ್ಮ ಕೇಳಿದಳು. ಅಮ್ಮನಿಗೆ ಗೊತ್ತಿಲ್ಲ ಎಂಬುದು ಗಿರಿಜಕ್ಕನಿಗೆ ಗೊತ್ತಾದದ್ದು ಆಗಲೇ. ಅವರು ನಾಲಿಗೆ ಕಚ್ಚಿಕೊಂಡರು, ಸೊಪ್ಪಿನ ಹೊರೆಯನ್ನು ಎತ್ತಲು ನೋಡಿದರು. ಅಮ್ಮ ಅವರ ಕೈಯನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಅವರು ಹೇಳಿದ್ದು ಇಷ್ಟು. ಅಜ್ಜಿಗೆ ಬಂದದ್ದು ಬರೀ ಜ್ವರವಲ್ಲ, ಸಿಡುಬು. ಮೂರನೆಯ ದಿನ ಮೈಮೇಲೆ ಗುಳ್ಳೆಗಳು ಎದ್ದಾಗ ಅಜ್ಜಿಗೇ ತಿಳಿಯಿತು. ಆಳುಗಳು ಬರುವುದು ನಿಂತೀತು, ಸರ್ಕಾರದವರು ಬಂದು ಮನೆಗೆ ಬೇಲಿ ಹಾಕಿಯಾರು ಎಂಬ ಹೆದರಿಕೆ ಇತ್ತು, ನಿಜ. ಆದರೆ ಅಜ್ಜಿಯ ಹೆದರಿಕೆ ಬೇರೆ. ನನ್ನ ಮತ್ತು ಆಲ್ಬುವಿನ ನಡುವೆ ಅಮ್ಮ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಸುದ್ದಿ ಮುಟ್ಟಿದರೆ ರೆಜಿನ್ ಓಡಿ ಬರುತ್ತಾಳೆ, ಅವಳ ಹೊಟ್ಟೆಯ ಕೂಸು ಉಳಿಯುವುದಿಲ್ಲ, ನನಗೆ ಮಣ್ಣಾಗುವವರೆಗೆ ಅವಳಿಗೆ ಹೇಳಕೂಡದು ಎಂದು ಅಜ್ಜಿ ದೊಡ್ಡ ಮಗಳಿಂದ ಶಿಲುಬೆಯ ಮೇಲೆ ಆಣೆ ಹಾಕಿಸಿಕೊಂಡಳಂತೆ. ಒಮ್ಮೆ ಸಿಡುಬು ಬಂದು ಹೋದವರಿಗೆ ಅದು ಮತ್ತೆ ಬರುವುದಿಲ್ಲವೆಂದು ಮಾವ್ಶಿ, ಗಿರಿಜಕ್ಕ ಇಬ್ಬರೇ ಆರೈಕೆ ಮಾಡಿದರು. ಕೊನೆಯ ಎರಡು ದಿನ ಅಜ್ಜಿಗೆ ಎಷ್ಟು ಹೊದಿಸಿದರೂ ಚಳಿ. ನನ್ನ ಸಾಡೊ ಹೊದಿಸು ಎಂದು ಹಟ ಹಿಡಿದಳು. ಅದನ್ನೇ ಹೊದ್ದುಕೊಂಡು ಹೋದಳು. ಪಾದ್ರಿಗಳು ಬಂದು ಬೆಳಕು ಹರಿಯುವ ಮೊದಲೇ ಮಣ್ಣು ಮಾಡಿದರು. ಚಾಪೆ, ದಿಂಬಿನ ಜೊತೆಗೆ ಸಾಡೊವನ್ನೂ ಹಿತ್ತಿಲಿನ ಕಲ್ಲುಪಾದೆಯ ಮೇಲೆ ಸುಟ್ಟರು. ಬೆಂಕಿಗೆ ಹಾಕಲು ಸೆವ್ರಿನಮ್ಮನ ಕೈ ಏಳಲಿಲ್ಲ, ನಾನೇ ಹಾಕಿದ್ದು ಎಂದರು ಗಿರಿಜಕ್ಕ.

"ಮತ್ತೆ ನನಗೆ ಯಾಕೆ ಹೇಳಲಿಲ್ಲ? ಆರು ವರ್ಷ ಆಯಿತಲ್ಲ."

"ನೀವು ಕೇಳಿದಿರಾ ಅಮ್ಮ?"

ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಅಲ್ಲಿಯ ಕುಳಿಗಳನ್ನು ಅವತ್ತೇ ಮೊದಲ ಸಲ ಕಂಡವಳಂತೆ. ಮಾವ್ಶಿಗೆ ಎಳವೆಯಲ್ಲಿ ಸಿಡುಬು ಬಂದಾಗಲೂ ಮನೆಯವರು ಚಿಕ್ಕ ರೆಜಿನಳನ್ನು ಹೂಡೆಯ ನೆಂಟರ ಮನೆಗೆ ದಾಟಿಸಿದ್ದರಂತೆ. ಆ ಹೊಳೆಬದಿಯ ಮನೆಯಲ್ಲಿ ಮೀನು ತಿಂದು ಸುಖವಾಗಿದ್ದ ಕಥೆಯನ್ನು ಅಮ್ಮ ನಮಗೆ ಎಷ್ಟೋ ಸಲ ಹೇಳಿದ್ದಳು. ಯಾಕೆ ಕಳಿಸಿದ್ದರು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಬಸ್ಸು ಬಂತು. ಕಂಡಕ್ಟರ್ ಅಪ್ಪನ ಪರಿಚಯದವನು, ಇಳಿದು ನಮ್ಮ ಚೀಲಕ್ಕೆ ಕೈ ಹಾಕಿದ. ಅಮ್ಮ ಚೀಲವನ್ನು ಹಿಂದಕ್ಕೆ ಎಳೆದುಕೊಂಡು, ನೀವು ಹೋಗಿ ಮಾರಾಯ್ರೆ, ನಾವು ಬರುವುದಿಲ್ಲ ಎಂದಳು. ನಾವು ಬಂದ ದಾರಿಯಲ್ಲೇ ಹಿಂದೆ ನಡೆದೆವು. ಅಮ್ಮ ಎಷ್ಟು ಬೇಗ ನಡೆಯುತ್ತಿದ್ದಳೆಂದರೆ ಆಲ್ಬುವನ್ನು ನಾನು ಎತ್ತಿಕೊಳ್ಳಬೇಕಾಯಿತು. ಮಾವ್ಶಿ ನಮಗೆ ಬೆನ್ನು ಹಾಕಿ ಅಂಗಳ ಗುಡಿಸುತ್ತಿದ್ದರು. ಡಬ್ಬಿ ನಾನು ಇಟ್ಟಲ್ಲೇ ಇತ್ತು. ಅಮ್ಮ ಅಂಗಳದ ನಡುವೆ, ಆರು ವರ್ಷದ ಹಿಂದೆ ಕೂಸನ್ನು ಎತ್ತಿಕೊಂಡು ಬೈದ ಜಾಗದಲ್ಲೇ ಇರಬೇಕು, ನಿಂತು ಕೈ ಜೋಡಿಸಿದಳು. ನಮ್ಮಲ್ಲಿ ಅಕ್ಕನನ್ನು ಬಾಯ್ ಎಂದು ಕರೆಯುತ್ತಾರೆ. ಆ ಶಬ್ದ ಅಮ್ಮನ ಬಾಯಿಯಿಂದ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಬಾಯ್, ಬೆಸಾಂವ್ ದಿ."

ಹಿಡಿಸೂಡಿ ನಿಂತಿತು. ಮಾವ್ಶಿ ತಿರುಗಲಿಲ್ಲ.

"ತೆರ್ಸ್ ಆಗಲಿಲ್ಲ ಇನ್ನೂ. ಈಗ ಬೆಸಾಂವ್ ಎಂತಕ್ಕೆ?"

ಅಮ್ಮ ಜೋಡಿಸಿದ ಕೈ ಇಳಿಸದೆ ತಲೆ ಬಾಗಿಸಿದಳು. ಮಾವ್ಶಿ ತಿರುಗಿ ನೋಡಿದರು. ಪ್ರತಿ ಸಂಜೆ ಅರ್ಧದಲ್ಲಿ ನಿಂತು ಇಳಿಯುತ್ತಿದ್ದ ಆ ಬಲಗೈ ಅಂದು ಪೂರ್ತಿ ಎದ್ದು ಅಮ್ಮನ ತಲೆಯ ಮೇಲೆ ಕೂತಿತು. ದೇವ್ ಬರೆಂ ಕರುಂ ಎಂದರು. ಕಾಫಿ ಕುಡಿಯದೆ ಹೋದದ್ದಲ್ಲವಾ, ಒಳಗೆ ಬಾ ಎಂದರು. ಕೈಯಲ್ಲಿದ್ದ ಹಿಡಿಸೂಡಿಯ ಕಸ ಅಮ್ಮನ ಸೀರೆಗೆಲ್ಲ ಹತ್ತಿತ್ತು.

ಆ ದಿನದಿಂದ ಅವರಿಬ್ಬರೂ ಸಂತರಾದರು ಎಂದು ಯಾರೂ ತಿಳಿಯಬೇಡಿ. ಮುಂದಿನ ವರ್ಷವೇ ನೆವ್ರಿಯ ಹೂರಣಕ್ಕೆ ಎಳ್ಳು ಹೆಚ್ಚಾಯಿತೆಂದು ದೊಡ್ಡ ಜಗಳವಾಯಿತು. ಆದರೆ ನೇರವಾಗಿ ಆಯಿತು, ನನ್ನ ಮೂಲಕ ಅಲ್ಲ. ಅಮ್ಮನ ಎಣ್ಣೆಯ ಕುಪ್ಪಿ ಬರುವುದು ನಿಂತರೂ ಮೆಣಸಿನ ಪೊಟ್ಟಣ ಬರುತ್ತಲೇ ಇತ್ತು. ಮರಿಯಮ್ಮನ ಆ ಪಯಣದ ಮೇಲೆ ಪಾದ್ರಿಗಳ ಪ್ರಸಂಗ ಕೇಳುವಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ. ಹೋದವಳ ಪ್ರೀತಿಯನ್ನು ಎಲ್ಲರೂ ಹೊಗಳುತ್ತಾರೆ. ಬರುವವಳ ಹೊಟ್ಟೆಯ ಕೂಸಿಗಾಗಿ ಬರಬೇಡ ಎಂದು ಬಾಗಿಲು ಮುಚ್ಚಿಕೊಂಡವಳ ಪ್ರೀತಿಗೆ ಜಪಮಾಲೆಯಲ್ಲಿ ಒಂದು ಮಣಿಯೂ ಇಲ್ಲ. ನಾನು ಎರಡನೆಯ ರಹಸ್ಯ ಹೇಳುವಾಗ ಮನಸ್ಸಿನ ಒಳಗೆ ಸೆವ್ರಿನ್ ಮಾವ್ಶಿಯನ್ನೂ ಸೇರಿಸಿಕೊಳ್ಳುತ್ತೇನೆ. ತಪ್ಪಾದರೆ ದೇವರು ನೋಡಿಕೊಳ್ಳಲಿ.

ಅರವತ್ತರ ದಶಕದ ಕೊನೆಗೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಮಾವ್ಶಿ ತೀರಿಕೊಂಡರು. ಈ ಸಲ ಸುದ್ದಿ ಸಮಯಕ್ಕೆ ಬಂತು. ಅಮ್ಮ ಎಂಟು ದಿನ ಪಕ್ಕದಲ್ಲೇ ಕೂತಿದ್ದಳು, ಕೊನೆಯ ಉಸಿರಿಗೆ ಕೈಯಲ್ಲಿ ಮೊಂಬತ್ತಿ ಹಿಡಿಸಿದವಳೂ ಅವಳೇ. ಮೈ ತೊಳೆಯಲು ನಾವಿಬ್ಬರೇ ಒಳಗಿದ್ದೆವು. ಸೊಂಟದಲ್ಲಿ ಅದೇ ಕಪ್ಪು ನೂಲು, ಅದೇ ಬೀಗದ ಕೈ. ಬಿಚ್ಚಲು ಅಮ್ಮ ಉಗುರಿನಿಂದ ನೋಡಿದಳು, ಹಲ್ಲಿನಿಂದಲೂ ನೋಡಿದಳು. ಗಂಟಿನ ಮೇಲೆ ಗಂಟು, ಮೂರು ಗಂಟು, ಎಣ್ಣೆ ಬೆವರು ಕುಡಿದು ಕಲ್ಲಾಗಿದ್ದವು. ಕೊನೆಗೆ ಕತ್ತರಿ ತರಿಸಿ ಕತ್ತರಿಸಬೇಕಾಯಿತು. ಬೀಗದ ಕೈಯನ್ನು ಅಂಗೈಯಲ್ಲಿಟ್ಟುಕೊಂಡು ಅಮ್ಮ ಬಿಚ್ಚದೆ ಉಳಿದ ಆ ಗಂಟನ್ನು ಬೆರಳಿನಿಂದ ತಿರುವಿದಳು.

"ಇದು ನೆಲದ ಮೇಲೆ ಬಿದ್ದು ಸಿಕ್ಕಿತು ಅಂತ ಹೇಳಿದ್ದಿಯಲ್ಲ ಅವತ್ತು?"

ಹತ್ತರ ವಯಸ್ಸಿನಲ್ಲಿ ಹೇಳಿದ ಸುಳ್ಳನ್ನು ಅಂದು ಬಿಟ್ಟುಕೊಟ್ಟೆ. ಅಲ್ತಾರಿನ ಮೇಲೆ, ಮಾತೆಯ ಪ್ರತಿಮೆಯ ಅಡಿಯಲ್ಲಿ ಇತ್ತು, ಎತ್ತಿ ಒರೆಸು ಎಂದು ಅವರೇ ಹೇಳಿ ಹೋಗಿದ್ದರು ಎಂದೆ. ಅಮ್ಮ ನನ್ನನ್ನು ಬೈಯಲಿಲ್ಲ. ಒದ್ದೆ ಬಟ್ಟೆಯಿಂದ ಅಕ್ಕನ ಮುಖವನ್ನು, ಒಂದೊಂದು ಕುಳಿಯನ್ನೂ, ನಿಧಾನವಾಗಿ ಮತ್ತೊಮ್ಮೆ ಒರೆಸಿದಳು.

ನಾನು ಹುಟ್ಟಾ ಸಂಶಯದವಳು. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ ಇಂದಿಗೂ ಮೊದಲು ಮೂಸಿ ನೋಡುತ್ತೇನೆ. ನನ್ನ ಎಲ್ಲ ಸಂಶಯಗಳಲ್ಲಿ ಇದೊಂದೇ ಸಂಶಯ ನನಗೆ ಬೇಕಾದದ್ದು. ಆಣೆ ಮುಗಿದಿತ್ತು, ಬಾಯಿಬಿಟ್ಟು ಹೇಳಲು ಮಾವ್ಶಿಯ ಅಭಿಮಾನ ಬಿಡಲಿಲ್ಲ, ತಂಗಿಯೋ ಕೇಳಲಿಲ್ಲ. ಅದಕ್ಕೆ ಅವರು ತಂಗಿ ಕಳಿಸಿದ್ದ ಗೂಢಚಾರಿಣಿಯ ಕೈಗೇ ಬೀಗದ ಕೈ ಕೊಟ್ಟು, ಚಿಕ್ಕವನನ್ನು ಜೊತೆಗೆ ಕರೆದುಕೊಂಡು, ಇಗರ್ಜಿಗೆ ಹೋಗಿ ಕೂತರು.

ಆ ಮನೆ ಈಗಿಲ್ಲ. ಪಾದೆಯನ್ನೂ ಒಡೆದು ಜಲ್ಲಿ ಮಾಡಿದ್ದಾರೆ. ಅಮ್ಮ ಇಲ್ಲ, ಗಿರಿಜಕ್ಕ ಇಲ್ಲ. ಮಾತೆಯ ಪ್ರತಿಮೆ ಮಾತ್ರ ನನ್ನ ಅಲ್ತಾರಿನ ಮೇಲಿದೆ, ನೀಲಿ ಬಣ್ಣ ಅಲ್ಲಲ್ಲಿ ಎದ್ದಿದೆ. ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಅದರ ಧೂಳನ್ನು ನಾನೇ ಒರೆಸುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ. ಈ ಸಲವೂ ಎತ್ತಿ ಅಡಿಯಲ್ಲಿ ಒರೆಸುತ್ತಿದ್ದಾಗ ಸೊಸೆ ನೋಡಿ ನಕ್ಕಳು. ಅಡಿಯಲ್ಲಿ ಧೂಳು ಕೂರುವುದೇ ಇಲ್ಲವಲ್ಲ ಅತ್ತೆ, ಅಲ್ಲಿ ಎಂತ ಒರೆಸುವುದು ಎಂದಳು. ಕೂರುವುದಿಲ್ಲ ಎಂದು ನನಗೂ ಗೊತ್ತು.